ಜಡೆ ಬಿಗಿಯಾಗಿ ಹೆಣೆದರೆ ತೆಳು ಕೂದಲು ದಪ್ಪವಾಗುತ್ತದೆಯೇ?

ಶಾಲೆಗಳು ಶುರುವಾಗುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಮತ್ತೆ ಓಡಾಡತೊಡಗುತ್ತದೆ. ಪದಗಳು ಅಲ್ಲಿಷ್ಟು ಇಲ್ಲಿಷ್ಟು ಬದಲಾಗಿರುತ್ತವೆ, ಸಾರ ಮಾತ್ರ ಒಂದೇ: ಹೆಣ್ಣುಮಗುವಿನ ಕೂದಲು ತೆಳುವಾಗಿದ್ದರೆ ದಿನಾ ಎಣ್ಣೆ ಹಚ್ಚಿ, ಬುಡದಿಂದಲೇ ಬಿಗಿಯಾಗಿ ಎರಡು ಜಡೆ ಹಾಕಿ, ಎಳೆದಷ್ಟೂ ಬುಡ ಗಟ್ಟಿಯಾಗಿ ಕೂದಲು ದಪ್ಪ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಒಮ್ಮೆ ತಲೆ ಬೋಳಿಸಿ. ಹೇನು ಇದ್ದರೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ, ಇಲ್ಲವೇ ಸೀಮೆಎಣ್ಣೆ ಸವರಿ. ಕೊನೆಯಲ್ಲಿ ಎಲ್ಲ ತಾಯಂದಿರಿಗೂ ತಲುಪಿಸಿ ಎಂಬ ಕೋರಿಕೆ.

ಈ ಸಲ ಇದನ್ನು ನಮಗೆ ಕಳಿಸಿದವರು ಕೆಮ್ಮಣ್ಣುಗುಂಡಿಯ ಕೆಳಗಿನ ಕಾಫಿ ತೋಟವೊಂದರ ಲೈನ್ ಮನೆಯಲ್ಲಿರುವ ಒಬ್ಬ ತಾಯಿ. ಮಗಳು ಎರಡನೇ ಕ್ಲಾಸು. ‘ಬೆಳಗ್ಗೆ ಬಾಚಿ ಜಡೆ ಹಾಕಿ ಕಳಿಸ್ತೀನಿ, ಪ್ರೇಯರ್‌ಗೆ ನಿಲ್ಲೋ ಹೊತ್ತಿಗೆ ಕೆದರಿರತ್ತೆ. ಮನೇಲಿ ತಲೆ ಬಾಚೋರೇ ಇಲ್ವಾ ಅಂತ ಎಲ್ಲರೆದುರು ಕೇಳಿದ್ರಂತೆ. ಅದಕ್ಕೇ ಈಗ ಬಿಗಿಯಾಗಿ ಕಟ್ತೀನಿ. ಅವಳು ಅಳ್ತಾಳೆ. ಇದರಲ್ಲಿ ಹೇಳಿರೋದು ನಿಜಾನಾ?’ ಎಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಜೊತೆಗೆ ಮಗಳ ಹಣೆಯ ಒಂದು ಫೋಟೊ. ಕಣತಲೆಯ ಹತ್ತಿರ ಕೂದಲು ವಿರಳವಾಗಿತ್ತು, ಬುಡದಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆಗಳಿದ್ದವು.

ಆ ಫೋಟೊ ನೋಡಿದ ಮೇಲೆ, ಮಾಮೂಲಿಯಂತೆ ‘ಇದು ಸುಳ್ಳು’ ಎಂದು ಎರಡು ಸಾಲು ಬರೆದು ಮುಗಿಸುವುದು ಸರಿಯೆನಿಸಲಿಲ್ಲ.

ಜಡೆ ಬಿಚ್ಚಿಕೊಳ್ಳುವುದು ಏಕೆ

ಮೊದಲು ಕೂದಲಿನ ಲೆಕ್ಕ. ದೊಡ್ಡವರ ತಲೆಗೂದಲಿನ ಒಂದು ಎಳೆ ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಮಕ್ಕಳದು ಇನ್ನೂ ಸಣ್ಣ. ಈ ವ್ಯತ್ಯಾಸ ಕಣ್ಣಿಗೆ ಕಾಣುವುದಕ್ಕಿಂತ ಬಹಳ ದೊಡ್ಡದು. ಎಳೆಯ ದಪ್ಪ ಅರ್ಧಕ್ಕೆ ಇಳಿದರೆ ಅದು ಬಾಗದೆ ನಿಲ್ಲುವ ಬಿಗುವು ಅರ್ಧಕ್ಕಲ್ಲ, ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ತೆಳು ಕೂದಲು ಸಣ್ಣ ಗಾಳಿಗೂ ಏಳುತ್ತದೆ, ಕುಳಿತ ಕಡೆ ಕೂರುವುದಿಲ್ಲ.

ಜಡೆ ನಿಲ್ಲುವುದು ಎಳೆ ಎಳೆಗೆ ತಿಕ್ಕಿ ಹಿಡಿದುಕೊಳ್ಳುವುದರಿಂದ. ತೆಂಗಿನ ನಾರಿನ ಹುರಿಗೆ ಹಾಕಿದ ಗಂಟು ಅಲ್ಲಾಡುವುದಿಲ್ಲ, ರೇಷ್ಮೆ ದಾರಕ್ಕೆ ಹಾಕಿದ್ದು ಜಾರುತ್ತದೆ. ತೆಳುವಾದ, ನುಣುಪಾದ ಕೂದಲಿನ ಜಡೆ ರೇಷ್ಮೆ ದಾರದ ಕಥೆಯೇ. ಅದರ ಮೇಲೆ ಸ್ಯಾಟಿನ್ ಟೇಪು ಕಟ್ಟಿದರೆ ಜಾರುವುದರ ಮೇಲೆ ಜಾರುವುದನ್ನು ಕಟ್ಟಿದಂತಾಯಿತು.

ಇನ್ನು ಊರಿನ ಹವೆ. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದಲ್ಲಿದೆ. ಹೆಸರೇ ಹೇಳುವಂತೆ ಕೆಂಪು ಮಣ್ಣಿನ ಗುಂಡಿ. ಒಂದು ಕಾಲಕ್ಕೆ ಇಲ್ಲಿನ ಕಬ್ಬಿಣದ ಅದಿರು ರೋಪ್‌ವೇಯಲ್ಲಿ ಭದ್ರಾವತಿಯ ಕಾರ್ಖಾನೆಗೆ ಇಳಿಯುತ್ತಿತ್ತು. ಮಳೆಗಾಲದಲ್ಲಿ ಮಂಜು ಮನೆಯೊಳಗೇ ಬರುತ್ತದೆ, ಒಣಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಕೂದಲು ಈ ತೇವವನ್ನು ಬಟ್ಟೆಗಿಂತ ಚುರುಕಾಗಿ ಗುರುತಿಸುತ್ತದೆ. ಜಿನೀವಾದ ವಿಜ್ಞಾನಿ ಹೊರೇಸ್ ಬೆನೆಡಿಕ್ಟ್ ಡಿ ಸೊಸ್ಯೂರ್ 1783ರಲ್ಲಿ ಗಾಳಿಯ ತೇವ ಅಳೆಯುವ ಉಪಕರಣವೊಂದನ್ನು ವಿವರಿಸಿದ. ಅದರ ಮುಖ್ಯ ಭಾಗ ಏನು ಗೊತ್ತೇ? ಮನುಷ್ಯನ ಒಂದು ತಲೆಗೂದಲು! ಗಾಳಿ ಪೂರ್ತಿ ಒಣಗಿದ್ದಾಗಿನಿಂದ ಪೂರ್ತಿ ತೇವಗೊಳ್ಳುವವರೆಗೆ ಕೂದಲು ಸುಮಾರು ಶೇ. 2ರಿಂದ 2.5ರಷ್ಟು ಉದ್ದವಾಗುತ್ತದೆ. ಒಂದಡಿ ಜಡೆಯಲ್ಲಿ ಅದು ಆರೇಳು ಮಿಲಿಮೀಟರ್. ಅಂಥ ಉಪಕರಣಗಳನ್ನು ಹವಾಮಾನ ಕೇಂದ್ರಗಳು ಬಹುಕಾಲ ಬಳಸಿದವು.

ಒಳಗೆ ಆಗುವುದು ಇಷ್ಟು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಅದರ ಎಳೆಗಳನ್ನು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧ ಎಂಬುದು ನೀರು ತಾಕಿದರೆ ಬಿಟ್ಟುಕೊಳ್ಳುತ್ತದೆ, ಒಣಗಿದಾಗ ಹೊಸ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಒಲೆಯ ಬೆಚ್ಚಗಿರುವ ಅಡುಗೆಮನೆಯಲ್ಲಿ ನೇರವಾಗಿ ಬಾಚಿದ ಕೂದಲು, ಮಂಜಿನಲ್ಲಿ ಅರ್ಧ ಗಂಟೆ ನಡೆದ ಮೇಲೆ ತನ್ನ ಪಾಡಿಗೆ ತಾನು ಸುರುಳಿಯಾಗುತ್ತದೆ, ಉಬ್ಬುತ್ತದೆ. ಇದೇ ಮಗು ಬೇಸಿಗೆ ರಜೆಯಲ್ಲಿ ಕಡೂರಿನ ಬಯಲಿನ ನೆಂಟರ ಮನೆಗೆ ಹೋದರೆ ಸಮಸ್ಯೆ ತಿರುಗಾಮುರುಗಾ ಆಗಬಹುದು. ಅಲ್ಲಿ ಒಣಗಾಳಿ. ಪ್ಲಾಸ್ಟಿಕ್ ಬಾಚಣಿಗೆಯ ತಿಕ್ಕಾಟಕ್ಕೆ ವಿದ್ಯುತ್ ಹುಟ್ಟಿ ಎಳೆಗಳು ಒಂದನ್ನೊಂದು ದೂರ ತಳ್ಳಿ ನೆಟ್ಟಗೆ ನಿಲ್ಲುತ್ತವೆ. ಮರದ ಬಾಚಣಿಗೆ, ಇಲ್ಲವೇ ಒದ್ದೆ ಮಾಡಿದ ಅಂಗೈ ಅಲ್ಲಿ ಸಾಕು.

ಹಣೆಯ ಅಂಚಿನ ಸಣ್ಣ ಕೂದಲಂತೂ ಜಡೆಗೆ ಸಿಗುವಷ್ಟು ಉದ್ದವೇ ಬೆಳೆಯುವುದಿಲ್ಲ. ಅದು ಕೆದರಿದ್ದಲ್ಲ, ಇರುವುದೇ ಹಾಗೆ.

ಎಳೆದಷ್ಟೂ ದಪ್ಪವೇ?

ಇಲ್ಲ. ಆಗುವುದು ಇದರ ತದ್ವಿರುದ್ಧ.

ಕೂದಲು ಎಷ್ಟು ದಪ್ಪ ಬರಬೇಕು ಎಂಬುದನ್ನು ತೀರ್ಮಾನಿಸುವುದು ಚರ್ಮದೊಳಗಿರುವ ಅದರ ಬುಡದ ಚೀಲ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಅದನ್ನು ಎಳೆದರೆ ಒಳಗಿನ ಚೀಲಕ್ಕೆ ‘ಗಟ್ಟಿಯಾಗು’ ಎಂಬ ಸಂದೇಶವೇನೂ ಹೋಗುವುದಿಲ್ಲ, ಪೆಟ್ಟು ಬೀಳುತ್ತದೆ ಅಷ್ಟೆ. ದಿನವೂ ಅದೇ ಜಾಗದಲ್ಲಿ ಎಳೆತ ಬಿದ್ದರೆ ಚೀಲದ ಸುತ್ತ ಉರಿಯೂತವಾಗುತ್ತದೆ. ಕೂದಲು ಇನ್ನೂ ತೆಳುವಾಗಿ ಕೊನೆಗೆ ಉದುರುತ್ತದೆ. ವೈದ್ಯರು ಇದನ್ನು ಟ್ರಾಕ್ಷನ್ ಅಲೊಪೇಶಿಯ ಎನ್ನುತ್ತಾರೆ. ನಾವು ಎಳೆತದ ಬೋಳು ಎನ್ನಬಹುದು. 1907ರಷ್ಟು ಹಿಂದೆಯೇ, ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಣ್ಣುಮಕ್ಕಳಲ್ಲಿ ಇದನ್ನು ಗುರುತಿಸಿ ಬರೆದಿದ್ದಾರೆ. ಬಿಗಿಯಾಗಿ ತುರುಬು ಕಟ್ಟುವ ಸಿಖ್ ಹುಡುಗರು ಮತ್ತು ಗಂಡಸರಲ್ಲೂ ಇದು ದಾಖಲಾಗಿದೆ.

ಮೊದಲು ಪೆಟ್ಟು ಬೀಳುವುದು ಕಣತಲೆ, ಹಣೆಯ ಅಂಚು ಮತ್ತು ಬೈತಲೆಯ ಉದ್ದಕ್ಕೆ. ನಮ್ಮ ಓದುಗರು ಕಳಿಸಿದ ಫೋಟೊದಲ್ಲಿದ್ದದ್ದೂ ಇದೇ ಜಾಗ. ಫೋಟೊ ನೋಡಿ ರೋಗ ಹೇಳುವುದು ನಮ್ಮ ಕೆಲಸವಲ್ಲ. ಆದ್ದರಿಂದ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ, ಅದಕ್ಕೆ ಕಾಯದೆ ಇವತ್ತಿನಿಂದಲೇ ಜಡೆ ಸಡಿಲ ಮಾಡಿ ಎಂದು ತಿಳಿಸಿದೆವು. ಶುರುವಿನಲ್ಲೇ ಎಳೆತ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಕೂದಲು ಮರಳಿ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡದ ಚೀಲವೇ ಕಲೆಗಟ್ಟಿ ಮುಚ್ಚಿಹೋಗುತ್ತದೆ. ಆಮೇಲೆ ಯಾವ ಎಣ್ಣೆಗೂ ಅದು ಬರುವುದಿಲ್ಲ.

ಜಡೆ ಬಿಗಿಯಾಯಿತೋ ಇಲ್ಲವೋ ತಿಳಿಯಲು ಮಗುವಿಗೆ ಹುಬ್ಬು ಮೇಲೆತ್ತಲು ಹೇಳಿ. ಹುಬ್ಬೆತ್ತುವಾಗ ಹಣೆ ಹಿಡಿದುಕೊಂಡಂತಾದರೆ ಅಥವಾ ನೋವಾದರೆ ಬಿಗಿ ಹೆಚ್ಚಾಗಿದೆ. ಕೂದಲ ಬುಡದಲ್ಲಿ ಚರ್ಮ ಡೇರೆಯಂತೆ ಮೇಲೆದ್ದಿದ್ದರೂ, ಶಾಲೆಯಿಂದ ಬಂದು ತಲೆನೋವು ಎಂದರೂ ಅದೇ ಅರ್ಥ. ‘ಮೊದಮೊದಲು ಹಾಗೇ, ಆಮೇಲೆ ಒಗ್ಗುತ್ತೆ’ ಎನ್ನುವ ಅಜ್ಜಿಯರ ಮೇಲೆ ನಮಗೆ ಗೌರವವಿದೆ. ಈ ಒಂದು ಮಾತನ್ನು ಮಾತ್ರ ಒಪ್ಪುವುದಿಲ್ಲ.

ಬೋಳಿಸಿದರೆ?

ಜವಳ ತೆಗೆಸುವುದು, ಧರ್ಮಸ್ಥಳಕ್ಕೋ ತಿರುಪತಿಗೋ ಹರಕೆ ಹೊತ್ತು ಮುಡಿ ಕೊಡುವುದು ಅವರವರ ನಂಬಿಕೆ. ಅದರ ತಂಟೆಗೆ ನಾವು ಹೋಗುವುದಿಲ್ಲ. ಆದರೆ ದಪ್ಪ ಬರಲಿ ಎಂಬ ಒಂದೇ ಕಾರಣಕ್ಕೆ ಶಾಲೆಗೆ ಹೋಗುವ ಹುಡುಗಿಯ ತಲೆ ಬೋಳಿಸಬೇಕಿಲ್ಲ. ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಶರೀರರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ ಗಡ್ಡ ಬೋಳಿಸಿಕೊಳ್ಳುವ ಗಂಡಸರ ಕೂದಲನ್ನು ಅಳೆದು ನೋಡಿ 1928ರಲ್ಲೇ ಪ್ರಕಟಿಸಿದರು: ಬೋಳಿಸಿದ್ದರಿಂದ ಕೂದಲಿನ ದಪ್ಪವೂ ಬದಲಾಗಲಿಲ್ಲ, ಬೆಳೆಯುವ ವೇಗವೂ ಬದಲಾಗಲಿಲ್ಲ.

ಮತ್ತೆ ದಪ್ಪ ಬಂದಂತೆ ಕಾಣುವುದು ಏಕೆ? ಮುಟ್ಟದ ಕೂದಲಿನ ತುದಿ ಸೂಜಿಯಂತೆ ಚೂಪಾಗಿರುತ್ತದೆ. ಕತ್ತರಿಸಿದ ಕೂದಲಿನ ತುದಿ ಮೊಂಡು, ಕೈಗೆ ಒರಟು. ಇನ್ನೊಂದು ಕಾರಣ ವಯಸ್ಸು. ಮಕ್ಕಳ ಕೂದಲು ಬೆಳೆಯುತ್ತಾ ಹೇಗಿದ್ದರೂ ದಪ್ಪವಾಗುತ್ತದೆ, ಹರೆಯ ಬಂದಾಗ ಇನ್ನಷ್ಟು. ಮಧ್ಯೆ ಒಮ್ಮೆ ಬೋಳಿಸಿದ್ದರೆ ಶ್ರೇಯಸ್ಸು ಕತ್ತಿಗೆ ಹೋಗುತ್ತದೆ. ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದೆ ಎಂಬುದೂ ಇಂಥದ್ದೇ. ತುದಿ ಕತ್ತರಿಸಿದ್ದು ಬುಡಕ್ಕೆ ಗೊತ್ತಾಗುವುದಿಲ್ಲ. ಸೀಳಿದ ತುದಿ ಹೋಗಿ ಸಿಕ್ಕು ಕಡಿಮೆಯಾಗುತ್ತದೆ, ಆ ಲಾಭ ನಿಜ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಬೆಳೆಯುತ್ತದೆ. ಒಂದು ಎಳೆ ಎರಡರಿಂದ ಆರು ವರ್ಷ ಬೆಳೆದು ನಿಂತು ಉದುರಿ, ಅದೇ ಜಾಗದಲ್ಲಿ ಇನ್ನೊಂದು ಹುಟ್ಟುತ್ತದೆ. ಎರಡೇ ವರ್ಷ ಬೆಳೆಯುವ ಎಳೆಗಳು ಹೆಚ್ಚಿರುವ ಮಗುವಿನ ಜಡೆ ಒಂದಡಿಯ ಹತ್ತಿರ ನಿಂತುಬಿಡುತ್ತದೆ. ಪಕ್ಕದ ಮನೆಯ ಹುಡುಗಿಯದು ಸೊಂಟ ಮುಟ್ಟಬಹುದು. ಇದರಲ್ಲಿ ತಾಯಿಯ ಆರೈಕೆಯ ಪಾಲು ಕಡಿಮೆ, ಹುಟ್ಟಿನಿಂದ ಬಂದದ್ದರ ಪಾಲು ಹೆಚ್ಚು.

ಎಣ್ಣೆಯ ವಿಷಯದಲ್ಲಿ ಫಾರ್ವರ್ಡ್ ಅರ್ಧ ಸರಿ. 2003ರಲ್ಲಿ ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು ಖನಿಜ ತೈಲ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ಮೂರನ್ನೂ ಹೋಲಿಸಿ, ಕೂದಲಿನ ಪ್ರೋಟೀನು ತೊಳೆದು ಹೋಗುವುದನ್ನು ಕೊಬ್ಬರಿ ಎಣ್ಣೆ ಮಾತ್ರ ಚೆನ್ನಾಗಿ ತಡೆಯುತ್ತದೆ ಎಂದು ತೋರಿಸಿದರು. ಅವರಿಬ್ಬರೂ ಕೊಬ್ಬರಿ ಎಣ್ಣೆ ಮಾರುವ ಮಾರಿಕೋ ಕಂಪನಿಯ ಸಂಶೋಧಕರು ಎಂಬುದನ್ನೂ ಹೇಳಿಬಿಡಬೇಕು. ಎಣ್ಣೆ ಇರುವ ಕೂದಲನ್ನು ಕಾಪಾಡುತ್ತದೆ, ಹೊಸದನ್ನು ಹುಟ್ಟಿಸುವುದಿಲ್ಲ, ದಪ್ಪವನ್ನೂ ಮಾಡುವುದಿಲ್ಲ. ತೆಳು ಕೂದಲಿಗೆ ಅದು ಹೆಚ್ಚಾದರೆ ಎಳೆಗಳು ಗುಂಪುಗುಂಪಾಗಿ ಅಂಟಿ ನಡುವೆ ಬುರುಡೆ ಕಾಣುತ್ತದೆ, ಜಡೆ ಇನ್ನಷ್ಟು ಜಾರುತ್ತದೆ.

ಕರ್ಪೂರ, ಸೀಮೆಎಣ್ಣೆ ಮಾತ್ರ ಬೇಡವೇ ಬೇಡ

ಸಂದೇಶದ ಉಳಿದ ಭಾಗ ಪಾಲಿಸಿದರೆ ಕೂದಲು ಹೋದೀತು, ಈ ಭಾಗ ಪಾಲಿಸಿದರೆ ಮಗುವೇ ಹೋದೀತು. ಕರ್ಪೂರ ಮಕ್ಕಳಿಗೆ ವಿಷ. ಪುಟ್ಟ ಮಕ್ಕಳ ಹೊಟ್ಟೆಗೆ ಒಂದು ಗ್ರಾಂನಷ್ಟು ಹೋದರೂ ಪ್ರಾಣಾಪಾಯವಾಗಬಹುದು. ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಚರ್ಮದ ಮೂಲಕವೂ ಅದು ಒಳಗೆ ಇಳಿಯುತ್ತದೆ. ಹೇನು ಕೆರೆದು ಗಾಯವಾದ ತಲೆಯಲ್ಲಿ ಇನ್ನೂ ಸಲೀಸಾಗಿ. ಕರ್ಪೂರ ಬೆರೆಸಿದ ಎಣ್ಣೆಯ ಬಟ್ಟಲನ್ನು ಕಿಟಕಿಯ ಬಳಿ ಇಟ್ಟು ಮರೆತರೆ, ಮನೆಯ ಚಿಕ್ಕ ಮಗುವಿನ ಕೈಗೆ ಅದು ಸಿಗುವುದೂ ಉಂಟು.

ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ಅದರ ಆವಿಗೆ ಬೆಂಕಿ ಹತ್ತಬಹುದು. ಮಲೆನಾಡಿನ ಮಳೆಗಾಲವನ್ನು ನೆನೆಸಿಕೊಳ್ಳಿ. ಬಚ್ಚಲೊಲೆ ಉರಿಯುತ್ತಿರುತ್ತದೆ, ಚಳಿಗೆ ಮಕ್ಕಳು ಅದರ ಮುಂದೆಯೇ ಕೂರುತ್ತಾರೆ, ಒದ್ದೆ ತಲೆ ಒಣಗಿಸುವುದೂ ಅಲ್ಲೇ. ಸೀಮೆಎಣ್ಣೆ ಸವರಿದ ತಲೆಗೆ ಒಂದು ಕಿಡಿ ಸಾಕು.

ಹೇನು ಕೊಳಕಿನ ಗುರುತೂ ಅಲ್ಲ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದುಕೊಂಡು ಹೋಗುತ್ತದೆ. ತೊಳೆದ ತಲೆಯಾದರೂ ಅದಕ್ಕೆ ಒಂದೇ. ಒಂದೇ ಬೆಂಚಿನಲ್ಲಿ ತಲೆ ತಾಗಿಸಿ ಕೂರುವ ಎಲ್ಲ ಮಕ್ಕಳಿಗೂ ಬರುತ್ತದೆ. ಒದ್ದೆ ಕೂದಲಿಗೆ ಎಣ್ಣೆಯನ್ನೋ ಕಂಡೀಷನರನ್ನೋ ಹಚ್ಚಿ, ಬುಡದಿಂದ ತುದಿಯವರೆಗೆ ಸೀರಣಿಗೆಯಲ್ಲಿ ಬಾಚಿ, ಪ್ರತಿ ಎಳೆತಕ್ಕೂ ಬಿಳಿ ಬಟ್ಟೆಗೆ ಒರೆಸಿ ನೋಡುವುದು ಹಳೆಯ ದಾರಿ, ಈಗಲೂ ಸರಿಯಾದ ದಾರಿ. ಮೂರು ನಾಲ್ಕು ದಿನಕ್ಕೊಮ್ಮೆ, ಕನಿಷ್ಠ ಎರಡು ವಾರ. ಸೀರು ಒಡೆದು ಮರಿ ಬರಲು ಏಳರಿಂದ ಹತ್ತು ದಿನ ಬೇಕು. ಒಂದೇ ಸಲ ಬಾಚಿ ಬಿಟ್ಟರೆ ಮತ್ತೆ ಬರುವುದು ಅದಕ್ಕೇ. ಔಷಧವೇ ಬೇಕಾದರೆ ಶೇ. 1ರ ಪರ್ಮೆತ್ರಿನ್ ಲೋಷನ್ ಇದೆ, ಡಾಕ್ಟರನ್ನು ಕೇಳಿ ಬಳಸಿ. ಅದನ್ನೂ ಏಳರಿಂದ ಹತ್ತು ದಿನದೊಳಗೆ ಇನ್ನೊಮ್ಮೆ ಹಚ್ಚಬೇಕಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಶೇ. 5ರದ್ದೂ ಸಿಗುತ್ತದೆ, ಅದು ಕಜ್ಜಿಗೆ. ಡಬ್ಬಿಯ ಮೇಲಿನ ಅಂಕಿ ನೋಡಿ.

ಹಾಗಾದರೆ ಬೆಳಗ್ಗೆ ಏನು ಮಾಡುವುದು

ಬೆಳಗಿನ ಕೆಲಸ ಹಿಂದಿನ ರಾತ್ರಿಯೇ ಅರ್ಧ ಮುಗಿದಿರಬೇಕು. ಮಲಗುವ ಮುಂಚೆ ಸಿಕ್ಕು ಬಿಡಿಸಿ ಸಡಿಲವಾಗಿ ಒಂದೇ ಜಡೆ ಹಾಕಿ. ಸಿಕ್ಕು ಬಿಡಿಸುವುದು ತುದಿಯಿಂದ ಮೇಲಕ್ಕೆ, ಬುಡದಿಂದ ಕೆಳಕ್ಕೆ ಎಳೆಯಬಾರದು. ಒದ್ದೆ ಕೂದಲು ರಬ್ಬರಿನಂತೆ ಹಿಗ್ಗಿ ಬೇಗ ತುಂಡಾಗುತ್ತದೆ. ಹಾಗಾಗಿ ಸಾದಾ ಬಾಚುವುದಕ್ಕೆ ಅದು ಅರ್ಧ ಆರುವವರೆಗೆ ಕಾಯಿರಿ. ಮಳೆಗಾಲದಲ್ಲಿ ತಲೆಸ್ನಾನ ಶಾಲೆಯ ದಿನ ಬೆಳಗ್ಗೆ ಬೇಡ, ಶನಿವಾರ ಮಧ್ಯಾಹ್ನವೋ ಭಾನುವಾರವೋ ಇರಲಿ. ಒದ್ದೆಯಾಗಿದ್ದಾಗಲೇ ಬಿಗಿದು ಕಟ್ಟಿದ ಜಡೆ ಸಂಜೆಯವರೆಗೂ ಒಳಗೆ ಒಣಗುವುದಿಲ್ಲ.

ಮೈಸೋಪಿನಲ್ಲಿ ತಲೆ ತೊಳೆಯುವ ಮನೆಗಳು ಇನ್ನೂ ಇವೆ. ಗಡಸು ನೀರಿನ ಬೋರ್‌ವೆಲ್ ಇರುವ ಬಯಲು ಸೀಮೆಯಲ್ಲಿ ಸೋಪು ನೀರಿನ ಸುಣ್ಣದೊಂದಿಗೆ ಸೇರಿ ಗಸಿಯಾಗಿ ಕೂದಲಿಗೆ ಹಿಡಿಯುತ್ತದೆ. ಶಾಂಪೂ, ಸೀಗೆಪುಡಿ, ಅಂಟುವಾಳ ಹಾಗೆ ಮಾಡುವುದಿಲ್ಲ. ಮಲೆನಾಡಿನವರು ಮತ್ತಿ ಎಲೆ, ದಾಸವಾಳದ ಎಲೆ ಕಿವುಚಿ ತೆಗೆಯುವ ಗೊಂಪು ತೆಳು ಕೂದಲಿಗೆ ಒಳ್ಳೆಯದೇ. ಅದರ ಲೋಳೆ ಎಳೆಗಳ ಮೇಲೆ ತೆಳ್ಳಗೆ ಕೂತು ಸಿಕ್ಕು ಕಡಿಮೆ ಮಾಡುತ್ತದೆ. ಪವಾಡವೇನಿಲ್ಲ, ಕಂಡೀಷನರ್ ಮಾಡುವ ಕೆಲಸ ಅಷ್ಟೆ, ಕಾಸಿಲ್ಲದೆ.

ಬೆಳಗ್ಗೆ ಅಂಗೈಗೆ ಎರಡು ಮೂರು ಹನಿ ಎಣ್ಣೆ ಸಾಕು. ಕೈ ಉಜ್ಜಿ ಕೂದಲಿನ ಮಧ್ಯದಿಂದ ತುದಿಗೆ ಸವರಿ, ಕೈಯಲ್ಲಿ ಉಳಿದದ್ದನ್ನು ಹಣೆಯ ಅಂಚಿಗೆ. ಬೈತಲೆಯನ್ನು ವಾರಕ್ಕೊಮ್ಮೆ ಸ್ವಲ್ಪ ಆಚೀಚೆ ಸರಿಸಿ. ಜಡೆಯನ್ನು ಕಿವಿಯ ಮೇಲಿನಿಂದ ಎಳೆದು ಶುರು ಮಾಡುವ ಬದಲು ಕುತ್ತಿಗೆಯ ಹತ್ತಿರ ಶುರು ಮಾಡಿ. ಬುಡದ ಎರಡು ಸುತ್ತು ಸಡಿಲ, ಅಲ್ಲಿಂದ ಕೆಳಗೆ ಎಷ್ಟು ಬಿಗಿ ಮಾಡಿದರೂ ತಲೆಗೆ ನೋವಿಲ್ಲ. ಬಿಗಿ ಬೇಕಿರುವುದು ಜಡೆಗೆ, ತಲೆಗಲ್ಲ. ಅರ್ಧ ಹೆಣೆದ ಮೇಲೆ ಟೇಪನ್ನು ಒಂದು ಎಳೆಯ ಜೊತೆ ಸೇರಿಸಿ ಹೆಣೆದು, ಮಡಚಿ ಮೇಲೆ ಕಟ್ಟಿದರೆ ಜಾರುವುದಿಲ್ಲ. ಸ್ಯಾಟಿನ್‌ಗಿಂತ ಹತ್ತಿಯ ಟೇಪು ಚೆನ್ನಾಗಿ ಹಿಡಿಯುತ್ತದೆ. ಬರಿ ರಬ್ಬರ್ ಬ್ಯಾಂಡ್ ಬಿಚ್ಚುವಾಗ ಹತ್ತು ಕೂದಲು ಕಿತ್ತುಕೊಂಡೇ ಬರುತ್ತದೆ, ಬಟ್ಟೆ ಸುತ್ತಿದ ಬ್ಯಾಂಡ್ ವಾಸಿ. ಮುಂದಿನ ಸಣ್ಣ ಕೂದಲಿಗೆ ಬಟ್ಟೆಯ ಹೇರ್‌ಬ್ಯಾಂಡ್ ಇಲ್ಲವೇ ಎರಡು ಕ್ಲಿಪ್. ಮಂಜಿನಲ್ಲಿ ನಡೆದು ಹೋಗುವ ಮಕ್ಕಳಿಗೆ ಒಂದು ಸ್ಕಾರ್ಫ್ ಕಟ್ಟಿ ಕಳಿಸಿ, ಶಾಲೆಯಲ್ಲಿ ಬಿಚ್ಚಿದರಾಯಿತು.

ಕುತ್ತಿಗೆಯವರೆಗಿನ ಬಾಬ್ ಕಟ್ ಕೂಡ ಒಂದು ದಾರಿ. ಅತಿ ತೆಳು ಕೂದಲಿಗೆ ಅದೇ ಎಲ್ಲಕ್ಕಿಂತ ಸುಲಭ. ಆದರೆ ಮಗುವನ್ನು ಒಂದು ಮಾತು ಕೇಳಿ ಕತ್ತರಿಸಿ.

ಇಷ್ಟು ಮಾಡಿದ ಮೇಲೂ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕೂದಲು ಎದ್ದೇ ಇರುತ್ತವೆ. ಶಾಲೆಯವರೂ ಇದನ್ನು ಓದುತ್ತಿದ್ದರೆ ಗಮನಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಪ್ರೇಯರ್‌ನಲ್ಲಿ ಎಲ್ಲರೆದುರು ತಲೆಗೂದಲಿಗಾಗಿ ಮಗುವನ್ನು ಅವಮಾನಿಸುವುದು ಶಿಸ್ತಲ್ಲ. ಏನಾದರೂ ಹೇಳುವುದಿದ್ದರೆ ಡೈರಿಯಲ್ಲಿ ಒಂದು ಸಾಲು ಬರೆಯಬಹುದು.

ಹುಟ್ಟಿನಿಂದ ತೆಳುವಾಗಿರುವುದು ಕಾಯಿಲೆಯಲ್ಲ. ಇದ್ದಕ್ಕಿದ್ದಂತೆ ಕೂದಲು ರಾಶಿ ರಾಶಿ ಉದುರಿದರೆ, ದುಂಡಗೆ ಬೋಳಾದರೆ, ಹೊಟ್ಟಿನಂಥ ಪದರದ ಜೊತೆ ಕೂದಲು ಬುಡದಲ್ಲೇ ತುಂಡಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ತಲೆಯ ಶಿಲೀಂಧ್ರ ಸೋಂಕಿಗೆ ಹಚ್ಚುವ ಮುಲಾಮು ಸಾಲದು, ನುಂಗುವ ಔಷಧ ಬೇಕು. ರಕ್ತಹೀನತೆಯಿಂದಲೂ ಕೂದಲು ಉದುರಬಹುದು. ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ ತಂಡಕ್ಕೆ ಇದನ್ನೂ ತೋರಿಸಬಹುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ, ಐದನೇ ಕ್ಲಾಸಿನವರೆಗೆ ಗುಲಾಬಿ, ಆಮೇಲೆ ನೀಲಿ, ಮಗು ನುಂಗುತ್ತಿದೆಯೋ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದೆಯೋ ವಿಚಾರಿಸಿ.

ಇದನ್ನೆಲ್ಲ ಆ ತಾಯಿಗೆ ಕಳಿಸಿದಾಗ ಅವರಿಂದ ಇನ್ನೊಂದು ಪ್ರಶ್ನೆ ಬಂತು. ಮುಂದಿನ ತಿಂಗಳು ತಮ್ಮನ ಮದುವೆಯಂತೆ, ಮಗಳಿಗೆ ಮೊಗ್ಗಿನ ಜಡೆಯ ಆಸೆಯಂತೆ. ಹಾಕಬಹುದು. ಭಾರದ ಚೌರಿ ಬೇಡ, ಹಗುರವಾದ ಬಟ್ಟೆಯ ಪಟ್ಟಿಗೆ ಮೊಗ್ಗು ಪೋಣಿಸಿ ಸಡಿಲ ಜಡೆಯ ಮೇಲೆ ಕಟ್ಟಿ. ಫೋಟೊ ಮುಗಿದ ಕೂಡಲೇ ಬಿಚ್ಚಿ, ರಾತ್ರಿ ಅದರಲ್ಲೇ ಮಲಗಿಸಬೇಡಿ.